ಮಾಗಿ ಚಳಿಯಲ್ಲಿ ಸೈಕಲ್ ಹಿಡಿದ ಕೈ

ಧನುರ್ಮಾಸದ ಬೆಳಗಿನ ಜಾವ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಮೇಲಿನ ಮಂಜು ಇನ್ನೂ ಕರಗಿಲ್ಲ. ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ ಶುರುವಾಗಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ರೈತ, ಪತ್ರಿಕೆಯ ಕಟ್ಟನ್ನು ಕ್ಯಾರಿಯರಿಗೆ ಬಿಗಿದ ಹುಡುಗ, ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸಿಗೆ ಹೊರಟ ಹುಡುಗಿ, ಮೂವರೂ ಸೈಕಲ್ ಮೇಲಿದ್ದಾರೆ. ಮೂವರ ತಲೆಗೂ ಮಂಕಿ ಟೋಪಿಯೋ ಮಫ್ಲರೋ ಸ್ಕಾರ್ಫೋ ಇದೆ. ಮೈಗೆ ಸ್ವೆಟರ್ ಇದೆ. ಕೈ ಮಾತ್ರ ಬರಿಗೈ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆರಳುಗಳು ಸೆಟೆದುಕೊಳ್ಳುತ್ತವೆ. ಆಗ ಸವಾರ ಒಂದು ಕೈಯನ್ನು ಹ್ಯಾಂಡಲ್‌ನಿಂದ ತೆಗೆದು ಕಂಕುಳಲ್ಲಿ ಸೇರಿಸಿಕೊಳ್ಳುತ್ತಾನೆ. ಇನ್ನಷ್ಟು ದೂರ ಹೋದ ಮೇಲೆ ಕೈ ಬದಲಾಯಿಸುತ್ತಾನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರಸ್ತೆಗಳಲ್ಲಿ ಡಿಸೆಂಬರ್, ಜನವರಿ ಬೆಳಗುಗಳಲ್ಲಿ ಇದು ಯಾರಿಗೂ ಹೊಸ ನೋಟವಲ್ಲ. ನೋಡಿದವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಆ ಹೊತ್ತಿನಲ್ಲಿ ಸವಾರನ ಕೈಯಲ್ಲಿರುವುದು ಒಂದೇ ಬ್ರೇಕು, ಅದನ್ನು ಹಿಡಿದಿರುವುದು ಮರಗಟ್ಟಿದ ಬೆರಳು ಎಂಬುದನ್ನು ಮರೆಯುವಂತಿಲ್ಲ. ಮೈಸೂರು–ಮಡಿಕೇರಿ ಹೆದ್ದಾರಿಯ ಮಂಜಿನಲ್ಲಿ ಎದುರಿನಿಂದ ಲಾರಿ ಬರುವುದು ಕಾಣುವುದೇ ಹತ್ತಿರಕ್ಕೆ ಬಂದ ಮೇಲೆ.

ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿನಲ್ಲಿ 5 ಮೀಟರ್ ಸಾಗುತ್ತದೆ. ಬೆರಳು ಬ್ರೇಕನ್ನು ಒಂದೇ ಒಂದು ಸೆಕೆಂಡ್ ತಡವಾಗಿ ಒತ್ತಿದರೂ ಒಂದು ಎತ್ತಿನ ಗಾಡಿಯ ಉದ್ದದಷ್ಟು ದೂರ ಕೈತಪ್ಪಿ ಹೋಯಿತೆಂದೇ ಲೆಕ್ಕ. ಕೈ ಬೆಚ್ಚಗಿಡುವ ಮಾತು ಕೇವಲ ಸುಖದ ಮಾತಲ್ಲ ಎನ್ನುವುದು ಇದಕ್ಕೇ.

ಹಿಮವಿಲ್ಲದ ನಾಡಿನ ಚಳಿ

ಈ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು ಏಳೆಂಟು ನೂರು ಮೀಟರ್ ಎತ್ತರದಲ್ಲಿವೆ. ಪಶ್ಚಿಮಕ್ಕೆ ಕೊಡಗು, ದಕ್ಷಿಣಕ್ಕೆ ನಾಗರಹೊಳೆ, ಬಂಡೀಪುರದ ಕಾಡು. ಇಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.7 ಡಿಗ್ರಿ ಸೆಲ್ಸಿಯಸ್. ಅದು 2012ರ ಜನವರಿ 16ರಂದು, ಸಂಕ್ರಾಂತಿಯ ಮರುದಿನ. ಉಳಿದಂತೆ ಜನವರಿಯ ಬೆಳಗುಗಳಲ್ಲಿ ಪಾದರಸ ಹದಿನೈದು ಹದಿನಾರರ ಆಸುಪಾಸಿನಲ್ಲಿರುತ್ತದೆ.

ಆಕಾಶ ತಿಳಿಯಾಗಿರುವ ಮಾಗಿಯ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ರಾತ್ರಿಯಿಡೀ ತಣಿಯುತ್ತಾ ಹೋದ ನೆಲ ಅತ್ಯಂತ ತಣ್ಣಗಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ಹಾಲು, ಪತ್ರಿಕೆ, ಸ್ಪೆಷಲ್ ಕ್ಲಾಸು ಮೂರರ ವೇಳೆಯೂ ಅದೇ. ಕೃಷ್ಣರಾಜನಗರದ ನಾಲೆ ಬಯಲು, ಕಬಿನಿ ಹಿನ್ನೀರಿನ ಅಂಚು, ಕೆರೆ ಏರಿಗಳ ಮೇಲೆ ಮಂಜು ದಟ್ಟವಾಗಿ ಕೂರುತ್ತದೆ. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯ ದನಗಳ ಜಾತ್ರೆ ಸೇರುವುದೂ ಈ ಚಳಿಯಲ್ಲೇ. ‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ’ ಎಂದು ಹಳ್ಳಿಯವರು ಹೇಳುವ ತನಕ ಬೆಳಗಿನ ಸೈಕಲ್ ಸವಾರಿಗೆ ಚಳಿ ತಪ್ಪಿದ್ದಲ್ಲ.

ಹದಿನೈದು ಡಿಗ್ರಿಯಲ್ಲಿ ನಡೆದು ಹೋಗುವವನಿಗೆ ಹಿತವೆನಿಸುವ ಹವೆ ಸೈಕಲ್ ಸವಾರನ ಬೆರಳನ್ನು ಹಿಂಡುವುದೇಕೆ? ಕಾಲಿಗೆ, ಎದೆಗೆ ಇಲ್ಲದ ಚಳಿ ಕೈಗೆ ಮಾತ್ರ ಏಕೆ?

ಬೆರಳಿನೊಳಗೆ ಸ್ನಾಯುವಿಲ್ಲ

ಶಾಖ ಹುಟ್ಟುವುದು ಮುಖ್ಯವಾಗಿ ಕೆಲಸ ಮಾಡುವ ಸ್ನಾಯುಗಳಲ್ಲಿ. ಸೈಕಲ್ ತುಳಿಯುವವನ ತೊಡೆ, ಮೀನಖಂಡಗಳು ದುಡಿಯುತ್ತವೆ. ಆದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಬೆನ್ನು ಬೆವರುತ್ತದೆ. ಕೈ ಮಾತ್ರ ಹ್ಯಾಂಡಲ್ ಹಿಡಿದು ಸುಮ್ಮನೆ ಕೂತಿರುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ಬೆರಳನ್ನು ಆಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ. ಅವು ಇರುವುದು ಅಂಗೈಯಲ್ಲಿ ಮತ್ತು ಮೊಣಕೈಗಿಂತ ಕೆಳಗಿನ ಮುಂಗೈಯಲ್ಲಿ. ಬೆರಳಿನಲ್ಲಿರುವುದು ಮೂಳೆ, ನರ, ರಕ್ತನಾಳ ಮತ್ತು ಅಲ್ಲಿಂದ ಬಂದ ಹುರಿಗಳಂಥ ಸ್ನಾಯುರಜ್ಜುಗಳು. ಬೆರಳಿಗೆ ಸ್ವಂತ ಒಲೆ ಇಲ್ಲ. ಅದು ಬೆಚ್ಚಗಿರಬೇಕಾದರೆ ಎದೆಯಿಂದ ಬಿಸಿ ರಕ್ತ ಹರಿದು ಬರಬೇಕು.

ಚಳಿ ತಾಗಿದ ಕೂಡಲೇ ದೇಹ ಮೊದಲು ನಿಲ್ಲಿಸುವುದು ಈ ಹರಿವನ್ನೇ. ಹೃದಯ, ಮಿದುಳು, ಯಕೃತ್ತುಗಳನ್ನು ಕಾಯುವುದಕ್ಕಾಗಿ ಕೈಕಾಲಿನ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಬೆರಳು ತೆಳುವಾದ ಅಂಗ. ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಹಾಗಾಗಿ ಬೇಗ ತಣಿಯುತ್ತದೆ. ಬೆರಳಿನ ಚರ್ಮದ ಉಷ್ಣತೆ 15 ಡಿಗ್ರಿಯ ಸುತ್ತಮುತ್ತ ಇಳಿದರೆ ಗುಂಡಿ ಹಾಕುವುದು, ಬೀಗ ತೆಗೆಯುವುದು ಮುಂತಾದ ನಾಜೂಕಿನ ಕೆಲಸಗಳು ತಡವರಿಸುತ್ತವೆ. ಸೈಕಲ್ ನಿಲ್ಲಿಸಿದವನು ಚಿಲ್ಲರೆ ಎಣಿಸಲಾರದೆ ಒದ್ದಾಡುವುದು ಇದರಿಂದ.

ಆದರೂ ದೇಹ ಬೆರಳನ್ನು ಪೂರ್ತಿ ಕೈಬಿಡುವುದಿಲ್ಲ. ತಣ್ಣೀರಿನಲ್ಲಿ ಅದ್ದಿದ ಬೆರಳಿನ ರಕ್ತನಾಳಗಳು ಸ್ವಲ್ಪ ಹೊತ್ತಿನ ಮೇಲೆ ತಾವಾಗಿ ತೆರೆದು, ಮತ್ತೆ ಮುಚ್ಚಿ, ಮತ್ತೆ ತೆರೆಯುವುದನ್ನು ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದರು. ಸೆಟೆದ ಬೆರಳಿನಲ್ಲಿ ಇದ್ದಕ್ಕಿದ್ದಂತೆ ಚುರುಚುರು ಎನ್ನುತ್ತಾ ಬಿಸಿ ಹರಿದಂತಾಗುವುದು ಈ ಕಾರಣದಿಂದ. ಚಳಿಯಲ್ಲಿ ದುಡಿದು ಅಭ್ಯಾಸವಾದ ಮೀನುಗಾರರಂಥವರಲ್ಲಿ ಈ ಹರಿವು ಬೇಗ ಶುರುವಾಗುತ್ತದೆಂದು ನಂತರದ ಅಧ್ಯಯನಗಳು ತೋರಿಸಿವೆ.

ಗಾಳಿಯ ಲೆಕ್ಕ

ಎರಡನೆಯ ಕಾರಣ ಗಾಳಿ. ನಿಂತ ಗಾಳಿಯಲ್ಲಿ ಚರ್ಮದ ಸುತ್ತ ಬೆಚ್ಚನೆಯ ತೆಳು ಪದರವೊಂದು ಉಳಿದಿರುತ್ತದೆ. ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಗಾಳಿಯಿಲ್ಲದ ದಿನವೂ ಸೈಕಲ್ ಸವಾರ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ, ಅದಕ್ಕೆ ಮೊದಲು ಎದುರಾಗುವುದು ಹ್ಯಾಂಡಲ್ ಹಿಡಿದ ಮುಷ್ಟಿ.

ಈ ಪರಿಣಾಮವನ್ನು ಮೊದಲು ಅಳತೆಗೆ ತಂದವರು ಅಂಟಾರ್ಕ್ಟಿಕಾಕ್ಕೆ ಹೋದ ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಸೈಪಲ್ 1928ರಲ್ಲಿ ಸ್ಕೌಟ್ ಹುಡುಗನಾಗಿ ಅಲ್ಲಿಗೆ ಮೊದಲ ಬಾರಿ ಹೋದವರು. ಮುಂದೆ ಇಬ್ಬರೂ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡಿದರು. ಫಲಿತಾಂಶ ಪ್ರಕಟವಾದದ್ದು 1945ರಲ್ಲಿ. 2001ರಲ್ಲಿ ಅಮೆರಿಕ, ಕೆನಡಾಗಳು ಲೆಕ್ಕವನ್ನು ತಿದ್ದಿದವು. ಅದರ ಪ್ರಕಾರ 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿಗೆ ಒಡ್ಡಿದ ಮುಖಕ್ಕೆ 7 ಡಿಗ್ರಿಯ ಚಳಿ ತಾಗಿದಂತಾಗುತ್ತದೆ.

ಈ ಲೆಕ್ಕ ಒಣ ಚರ್ಮದ್ದು. ಮಂಜಿನಲ್ಲಿ ಹೊರಟವನ ಕೈ ಒಣಗಿರುವುದಿಲ್ಲ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಅದು ಆವಿಯಾಗುವಾಗಲೂ ಚರ್ಮದ ಬಿಸಿಯನ್ನೇ ಕಸಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಮಡಕೆಯ ನೀರು ತಣ್ಣಗಾಗುವುದೂ, ಒದ್ದೆ ಕೈ ಮರಗಟ್ಟುವುದೂ ಒಂದೇ ನಿಯಮದಿಂದ. ಜತೆಗೆ ಬ್ರೇಕಿನ ಲಿವರು ಲೋಹದ್ದು. ಉಕ್ಕು ರಬ್ಬರಿಗಿಂತ ನೂರಾರು ಪಟ್ಟು ವೇಗವಾಗಿ ಶಾಖ ಎಳೆಯುತ್ತದೆ. ಹಿಡಿ ಕಿತ್ತುಹೋದ ಹ್ಯಾಂಡಲ್‌ಗೆ ಹಳೆಯ ಟ್ಯೂಬನ್ನು ಸುತ್ತುವ ಸೈಕಲ್ ಷಾಪಿನವನ ಉಪಾಯ ಕೈ ಜಾರದಿರಲಿ ಎಂದು ಹುಟ್ಟಿದ್ದರೂ, ಚಳಿಗೂ ಒಳ್ಳೆಯ ಮದ್ದು.

ನಡೆಯುವವನ ಕಂಬಳಿ

ಚಳಿಗೆ ಈ ಸೀಮೆಯ ಹಳೆಯ ಉತ್ತರ ಕರಿಕಂಬಳಿ. ಕುರುಬರು ನೇಯ್ದ ಕಂಬಳಿ ಹೊದಿಕೆಯೂ ಹೌದು, ಹಾಸಿಗೆಯೂ ಹೌದು, ಮಳೆಗೆ ಕೊಪ್ಪೆಯೂ ಹೌದು. ಶುಭಕಾರ್ಯದಲ್ಲಿ ಹಸೆಗೆ ಹಾಸುವುದೂ ಅದನ್ನೇ. ಉಣ್ಣೆಯ ಗುಣವೂ ವಿಶೇಷವಾದದ್ದು. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಅದು ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರುವಾಗ ಅಲ್ಪಸ್ವಲ್ಪ ಶಾಖವನ್ನೂ ಬಿಡುತ್ತದೆ. ಹತ್ತಿ ಬಟ್ಟೆ ನೆನೆದರೆ ಮೈಗಂಟಿ ಇನ್ನಷ್ಟು ಚಳಿ ಹಿಡಿಸುತ್ತದೆ.

ಕಂಬಳಿ ಹೊದ್ದವನ ಕೈ ಎಲ್ಲಿರುತ್ತದೆಂಬುದನ್ನು ಗಮನಿಸಬೇಕು. ಹೊಲ ಕಾಯುವವನು, ಕುರಿ ಹಿಂದೆ ಹೋಗುವವನು, ಸಂತೆಗೆ ನಡೆಯುವವನು ಕೈಯನ್ನು ಕಂಬಳಿಯೊಳಗೇ ಇಟ್ಟುಕೊಳ್ಳುತ್ತಾನೆ. ಗಾಡಿ ಹೊಡೆಯುವವನು ಮೂಗುದಾರದ ಹಗ್ಗವನ್ನು ಕಂಬಳಿಯ ಮರೆಯಿಂದಲೇ ಹಿಡಿಯಬಲ್ಲ. ಹೀಗೆ ಕೈ ಮರೆಮಾಡುವ ಅನುಕೂಲ ಇದ್ದುದರಿಂದ ಕೈಗೇ ಬೇರೆ ಉಡುಪು ಬೇಕಾಗಲಿಲ್ಲ. ‘ಕೈಗವಸು’ ಎಂಬ ಪದ ನಿಘಂಟಿನಲ್ಲಿದೆ, ಪಠ್ಯಪುಸ್ತಕದಲ್ಲಿದೆ. ಹಳ್ಳಿಯ ಬಾಯಲ್ಲಿ ಗವಸು ಎಂದರೆ ದಿಂಬಿನ ಗವಸು. ಕೈಗೆ ಹಾಕುವುದು ‘ಗ್ಲೌಸು’. ವಸ್ತುವೇ ಹೊರಗಿನಿಂದ ಬಂದದ್ದು ಎಂಬುದಕ್ಕೆ ಮಾತೇ ಸಾಕ್ಷಿ.

ಕೈಯನ್ನು ಕಂಬಳಿಯಿಂದ ಹೊರಗೆ ಎಳೆದದ್ದು ಸೈಕಲ್. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಎದುರುಗಾಳಿಗೆ ಒಡ್ಡಿ, ಲೋಹವನ್ನು ಹಿಡಿದು, ಮೈಲಿಗಟ್ಟಲೆ ಅಲುಗಾಡದೆ ಇರಬೇಕಾದ ಸ್ಥಿತಿ ಮೊದಲು ಇರಲಿಲ್ಲ. ಕಂಬಳಿ ಹೊದ್ದು ಸೈಕಲ್ ತುಳಿಯುವಂತೆಯೂ ಇಲ್ಲ, ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಟೋಪಿ, ಸ್ವೆಟರುಗಳು ಕಂಬಳಿಯ ಜಾಗಕ್ಕೆ ಬಂದವು. ಕೈಯ ಜಾಗ ಖಾಲಿ ಉಳಿಯಿತು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹುಡುಗಿಯರೂ ದೊಡ್ಡ ಸಂಖ್ಯೆಯಲ್ಲಿ ಸವಾರರಾದರು. ಕೊರೊನಾ ಬಂದ 2020ರ ಹೊತ್ತಿಗೆ ಆ ವಿತರಣೆ ನಿಂತಿತು. ಆದರೆ ಆಗ ಸೈಕಲ್ ಕಲಿತ ಒಂದು ಪೀಳಿಗೆಯೇ ಈ ರಸ್ತೆಗಳಲ್ಲಿದೆ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. 19ನೇ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಮದ್ರಾಸ್ ಸೈನ್ಯಕ್ಕಾಗಿ ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಡಿಪೋ ಇದ್ದವು. ಅವು ಕಾಲಕ್ರಮೇಣ ಮುಚ್ಚಿದರೂ ಅಲ್ಲಿ ಪಳಗಿದ ಕೆಲಸಗಾರರು ಬೂಟು, ಕಂಬಳಿ, ಗಾಡಿಗಳನ್ನು ಮಾಡುತ್ತಿದ್ದುದನ್ನು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಒಳಗೆ ಉಣ್ಣೆ, ಹೊರಗೆ ಗಾಳಿ ತಡೆಯುವ ಚರ್ಮ, ಕೈಗವಸಿಗೆ ಬೇಕಾದದ್ದು ಇವೆರಡೇ. ಎರಡನ್ನೂ ಸೈನ್ಯಕ್ಕೆ ಒದಗಿಸಿದ ಊರಿನ ರಸ್ತೆಯಲ್ಲಿ ಇಂದು ಹಾಲಿನವನು ಬರಿಗೈಯಲ್ಲಿ ಹೋಗುತ್ತಾನೆ.

ಟಿಬೆಟಿನವರು ತಂದ ಸ್ವೆಟರು

ಇಂದು ಉಣ್ಣೆಯ ಗ್ಲೌಸು ಬೇಕಾದವರು ನೆನೆಯುವುದು ಟಿಬೆಟಿಯನ್ನರನ್ನು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕಾಡು ಕಡಿದು ನೆಲೆ ಕಲ್ಪಿಸಲಾಯಿತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆ ಆಯಿತು. ಜೋಳ ಬೆಳೆದು ಉಳಿದ ತಿಂಗಳುಗಳಲ್ಲಿ ಇವರಲ್ಲಿ ಅನೇಕರು ಕೈಗೊಂಡ ವ್ಯಾಪಾರ ಸ್ವೆಟರಿನದು. ಪಂಜಾಬಿನ ಲೂಧಿಯಾನದಿಂದ ಸರಕು ತರಿಸಿ, ಚಳಿಗಾಲದಲ್ಲಿ ಊರೂರುಗಳಲ್ಲಿ ಅಂಗಡಿ ಹಾಕುವುದು ದೇಶದಾದ್ಯಂತ ಟಿಬೆಟಿಯನ್ನರ ಗುರುತೇ ಆಗಿದೆ.

ಆದರೆ ಹೆಣೆದ ಗ್ಲೌಸಿಗೆ ಒಂದು ಕೊರತೆಯಿದೆ. ಅದರ ಕಣ್ಣುಗಳಲ್ಲಿ ಗಾಳಿ ನುಗ್ಗುತ್ತದೆ. ನಡೆಯುವವನಿಗೆ ಸಾಕಾಗುವ ಉಣ್ಣೆ ಸೈಕಲ್ ಸವಾರನಿಗೆ ಸಾಲುವುದಿಲ್ಲ. ಹೊರಗೊಂದು ಗಾಳಿತಡೆ ಬೇಕು. ಮಂಜಿನಲ್ಲಿ ಹೋಗುವವರು ಉಣ್ಣೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಕವರನ್ನು ತೊಡುವುದು ನೋಡಲು ಚೆನ್ನಾಗಿಲ್ಲದಿದ್ದರೂ ಲೆಕ್ಕ ಸರಿಯಾಗಿದೆ. ಕವರು ಸಡಿಲವಾಗಿ ಜೋತುಬಿದ್ದು ಬ್ರೇಕಿಗೆ ಸಿಕ್ಕಿಕೊಳ್ಳದಂತೆ, ಒಳಗೆ ಬೆವರು ಕಟ್ಟದಂತೆ ನೋಡಿಕೊಂಡರಾಯಿತು.

ಬೀಡಿಯ ಬಿಸಿ ಸುಳ್ಳು

ಚಳಿಗೆ ಇನ್ನೊಂದು ಜನಪ್ರಿಯ ಮದ್ದು ಬೀಡಿ. ಹೊರಡುವ ಮುಂಚೆ ಒಂದು ದಮ್ಮು ಎಳೆದರೆ ಮೈ ಬಿಸಿಯಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಈ ನಾಲ್ಕೂ ತಾಲ್ಲೂಕುಗಳು ತಂಬಾಕಿನ ಸೀಮೆ. ಇಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕು ಸಿಗರೇಟಿಗೆ ಹೋಗುತ್ತದೆ, ಬೀಡಿಯ ತಂಬಾಕು ಬೇರೆ. ಆದರೆ ಎರಡರಲ್ಲೂ ಇರುವ ನಿಕೋಟಿನ್ ಒಂದೇ. ಅದು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಅಂದರೆ ಚಳಿ ಮಾಡುವ ಕೆಲಸವನ್ನೇ ಬೀಡಿಯೂ ಮಾಡುತ್ತದೆ. ತುಟಿಯ ಬಳಿ ಕೆಂಡ ಕಂಡರೂ ಬೆರಳ ತುದಿ ಇನ್ನಷ್ಟು ತಣ್ಣಗಾಗುತ್ತದೆ. ಧೂಮಪಾನಿಗಳ ಕೈಕಾಲಿನ ರಕ್ತನಾಳಗಳು ಮುಚ್ಚಿ, ಬೆರಳು ಕತ್ತರಿಸಬೇಕಾಗಿ ಬರುವ ಕಾಯಿಲೆಯೊಂದನ್ನು ಲಿಯೊ ಬರ್ಗರ್ ಎಂಬ ವೈದ್ಯ 1908ರಲ್ಲೇ ವಿವರಿಸಿದ್ದರು. ಬೀಡಿ ಬಿಡುವುದೇ ಅದಕ್ಕೆ ಮುಖ್ಯ ಚಿಕಿತ್ಸೆ.

ಹೆಂಡದ ಮೋಸ ಇದಕ್ಕೆ ವಿರುದ್ಧವಾದದ್ದು. ಅದು ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಸೋರಿಹೋಗುತ್ತದೆ. ಬಿಸಿ ಚಹದ ವಿಷಯಕ್ಕೆ ಬಂದರೆ, ಒಂದು ಲೋಟ ಚಹ ದೇಹಕ್ಕೆ ಕೊಡುವ ಬಿಸಿ ಸುಮಾರು 3–4 ಕಿಲೊಕ್ಯಾಲರಿ. ಒಂದು ನಿಮಿಷ ಹದವಾಗಿ ಪೆಡಲ್ ತುಳಿದರೆ ಅಷ್ಟು ಶಾಖ ಹುಟ್ಟುತ್ತದೆ. ಚಹದ ನಿಜವಾದ ಉಪಕಾರ ಇರುವುದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂರುವ ಆ ಐದು ನಿಮಿಷದಲ್ಲಿ.

ಹಾಗಾದರೆ ಬೆಂಕಿ? ಆಷಾಢದ ಜಡಿಮಳೆಯಲ್ಲಿ ತಂಬಾಕು ಬೇಯಿಸುವ ಬ್ಯಾರನ್ನಿನ ಒಲೆ, ಮಾಗಿಯಲ್ಲಿ ಬಸ್ ನಿಲ್ದಾಣದ ಬಳಿ ಉರಿಯುವ ಕಸದ ಬೆಂಕಿ, ಇವುಗಳ ಮುಂದೆ ಕೈ ಕಾಯಿಸುವುದು ಹಿತವೇ. ಆದರೆ ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರಂತೂ ಬೆಂಕಿಯಿಂದ ದೂರವಿದ್ದು, ಕಂಕುಳಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಬಿಸಿ ಮಾಡಿಕೊಳ್ಳುವುದೇ ಸರಿ. ಬೆರಳು ಪದೇಪದೇ ಬಿಳಿಚಿಕೊಂಡು, ನೀಲಿಯಾಗಿ, ಮತ್ತೆ ಕೆಂಪಾಗುತ್ತಿದ್ದರೆ ಅದು 1862ರಲ್ಲಿ ಫ್ರಾನ್ಸಿನ ಮೊರೀಸ್ ರೇನೊ ವಿವರಿಸಿದ ತೊಂದರೆಯಾಗಿರಬಹುದು, ವೈದ್ಯರಿಗೆ ತೋರಿಸಬೇಕು. ಕಿರುಬೆರಳು, ಉಂಗುರದ ಬೆರಳು ಎರಡೇ ಜೋಮು ಹಿಡಿಯುತ್ತಿದ್ದರೆ ಕಾರಣ ಚಳಿಯೇ ಎನ್ನಲಾಗದು. ಹ್ಯಾಂಡಲ್ ಮೇಲೆ ಭಾರ ಹಾಕಿ ಬಾಗುವುದರಿಂದ ಅಂಗೈಯ ನರ ಒತ್ತಿದರೂ ಹೀಗಾಗುತ್ತದೆ.

ಕೈಗಲ್ಲ, ಹ್ಯಾಂಡಲ್‌ಗೆ ಕಂಬಳಿ

ಹಿಮದ ನಾಡುಗಳಲ್ಲಿ ಇದಕ್ಕೆ ಬೇರೆ ಬೇರೆ ಉಪಾಯಗಳಿವೆ. ಕಾಶ್ಮೀರದವರು ಕೆಂಡ ತುಂಬಿದ ಕಾಂಗ್ರಿಯನ್ನು ಫೆರನ್ ಒಳಗೆ ಇಟ್ಟುಕೊಳ್ಳುತ್ತಾರೆ. ಅದು ಕೂತವರಿಗೆ, ನಡೆಯುವವರಿಗೆ ಹೊರತು ಸವಾರರಿಗಲ್ಲ. ಜಪಾನಿನಲ್ಲಿ 1923ರಲ್ಲಿ ಬೆಂಜೀನ್ ಆವಿಯಿಂದ ಬಿಸಿಯಾಗುವ ಕಿಸೆಯ ಡಬ್ಬಿ ಬಂತು. 1970ರ ದಶಕದಲ್ಲಿ ಕಬ್ಬಿಣದ ಪುಡಿ ಗಾಳಿಗೆ ತುಕ್ಕು ಹಿಡಿಯುವಾಗ ಹುಟ್ಟುವ ಶಾಖವನ್ನೇ ಬಳಸುವ ಪುಟ್ಟ ಪೊಟ್ಟಣಗಳು ಬಂದವು. ಫಿನ್ಲೆಂಡಿನ ಔಲು ನಗರದಲ್ಲಿ ಮಕ್ಕಳು ಹಿಮದಲ್ಲೂ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಮೊದಲು ನಡೆದದ್ದೂ ಅಲ್ಲೇ.

ಇವೆಲ್ಲದರಲ್ಲಿ ನಮ್ಮ ಸೀಮೆಗೆ ಹೊಂದುವುದು ಜಪಾನ್, ಚೀನಾ, ಹಾಲೆಂಡ್‌ಗಳ ಸಾಮಾನ್ಯ ಜನ ಬಳಸುವ ಒಂದು ಸರಳ ಸಾಧನ. ಅಲ್ಲಿ ಕೈಗೆ ಗವಸು ತೊಡಿಸುವ ಬದಲು ಹ್ಯಾಂಡಲ್‌ಗೇ ಚೀಲ ತೊಡಿಸುತ್ತಾರೆ. ಹಿಡಿ ಮತ್ತು ಬ್ರೇಕು ಎರಡೂ ಆ ಚೀಲದೊಳಗೆ ಇರುತ್ತವೆ. ಸವಾರ ಬರಿಗೈಯನ್ನು ಒಳಗೆ ತೂರಿಸುತ್ತಾನೆ. ಗಾಳಿ, ಮಂಜು ಹೊರಗೇ ಉಳಿಯುತ್ತವೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಬೆಚ್ಚಗಿರುತ್ತವೆ. ಹಾಲು ಅಳೆಯುವಾಗ, ಪತ್ರಿಕೆ ಎಸೆಯುವಾಗ ಪ್ರತಿ ಮನೆಯ ಮುಂದೆ ಗ್ಲೌಸು ಬಿಚ್ಚಿ ಹಾಕುವ ಗೋಜಿಲ್ಲ. ಮುಂಗೈಯನ್ನು ಕಂಬಳಿಯ ಮರೆಗೆ ಸೇರಿಸುವ ನಮ್ಮ ಹಳೆಯ ಕ್ರಮವೇ ಇದು. ವ್ಯತ್ಯಾಸ ಎಂದರೆ ಕಂಬಳಿ ಹೆಗಲ ಮೇಲಿಲ್ಲ, ಹ್ಯಾಂಡಲ್ ಮೇಲಿದೆ.

ಇದನ್ನು ಹೊರದೇಶದಿಂದ ತರಿಸಬೇಕಾಗಿಲ್ಲ. ಸೈಕಲ್ ಸೀಟಿಗೆ ಕವರು ಹೊಲಿಯುವ ದರ್ಜಿಗೆ ಒಂದು ಮೊಳ ರೆಕ್ಸಿನ್, ಹಳೆಯ ಕಂಬಳಿಯ ಎರಡು ತುಂಡು ಕೊಟ್ಟರೆ ಸಾಕು. ರೆಕ್ಸಿನ್ ಹೊರಗೆ, ಕಂಬಳಿ ಒಳಗೆ. ಬಾಯಿ ಅಗಲವಾಗಿರಬೇಕು, ಬಿದ್ದರೆ ಕೈ ತಟ್ಟನೆ ಹೊರಬರಬೇಕು. ಒಳಗೆ ಬ್ರೇಕು ಪೂರ್ತಿ ಒತ್ತುವಷ್ಟು ಜಾಗವಿರಬೇಕು. ರಸ್ತೆಗೆ ಇಳಿಯುವ ಮೊದಲು ಬ್ರೇಕು, ಬೆಲ್ಲು ಎರಡನ್ನೂ ನಾಲ್ಕಾರು ಸಲ ಒತ್ತಿ ನೋಡಬೇಕು.

ಉಳಿದ ಎಚ್ಚರಗಳು ಖರ್ಚಿಲ್ಲದವು. ಗ್ಲೌಸು ಬಿಗಿಯಾಗಿರಬಾರದು, ಬಿಗಿಯಾದರೆ ರಕ್ತದ ಹರಿವಿಗೂ ತಡೆ, ಒಳಗೆ ಬೆಚ್ಚನೆಯ ಗಾಳಿಗೂ ಜಾಗವಿಲ್ಲ. ಅರ್ಧ ತೋಳಿನ ಅಂಗಿಯಲ್ಲಿ ಹೊರಟರೆ ಎಂಥ ಗ್ಲೌಸೂ ಪ್ರಯೋಜನಕ್ಕೆ ಬಾರದು. ಬೆರಳಿಗೆ ಹೋಗುವ ರಕ್ತ ಮುಂಗೈಯಲ್ಲೇ ತಣಿದಿರುತ್ತದೆ. ಹರಿದ ಉಣ್ಣೆ ಕಾಲುಚೀಲದ ಪಾದ ಕತ್ತರಿಸಿ ಮಣಿಕಟ್ಟಿಗೆ ಏರಿಸಿಕೊಂಡರೂ ಗುಣ ಕಾಣುತ್ತದೆ. ಮೊದಲ ಒಂದೆರಡು ಕಿಲೋಮೀಟರ್ ನಿಧಾನವಾಗಿ ತುಳಿದರೆ ಗಾಳಿ ಕಡಿಮೆ, ಅಷ್ಟರಲ್ಲಿ ಮೈಯೂ ಕಾದಿರುತ್ತದೆ. ಬೆರಳು ಸೆಟೆದರೆ ಒಂಟಿ ಕೈಯಲ್ಲಿ ಸವಾರಿ ಮಾಡುವ ಬದಲು ಸೈಕಲ್ ನಿಲ್ಲಿಸಿ, ತೋಳನ್ನು ಹತ್ತಿಪ್ಪತ್ತು ಸಲ ಜೋರಾಗಿ ಬೀಸಬೇಕು. ರಕ್ತ ತುದಿಗೆ ನುಗ್ಗುತ್ತದೆ. ಕಾಡಂಚಿನ ಹೆಗ್ಗಡದೇವನಕೋಟೆ, ಹುಣಸೂರು ರಸ್ತೆಗಳಲ್ಲಿ ಕಿವಿಯನ್ನು ಪೂರ್ತಿ ಮುಚ್ಚಿಕೊಳ್ಳದಿರುವುದು ಕ್ಷೇಮ. ಮಂಜಿನಲ್ಲಿ ಆನೆಯಾಗಲಿ ಲಾರಿಯಾಗಲಿ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಯುರೋಪಿನ ಸೈಕಲ್ ಪಂದ್ಯಗಳಲ್ಲಿ ಬೆಟ್ಟದ ತುದಿ ಮುಟ್ಟಿದ ಸವಾರರು ಇಳಿಜಾರಿನ ಚಳಿಗಾಳಿ ತಡೆಯಲು ಪ್ರೇಕ್ಷಕರಿಂದ ಹಳೆಯ ಪತ್ರಿಕೆ ಪಡೆದು ಎದೆಯ ಮೇಲೆ, ಅಂಗಿಯೊಳಗೆ ತುರುಕಿಕೊಳ್ಳುವ ಪದ್ಧತಿ ಬಹಳ ಹಿಂದಿನಿಂದ ಇದೆ. ಕಾಗದದ ಮಡಿಕೆಗಳ ನಡುವೆ ಸಿಕ್ಕಿದ ಗಾಳಿ ಒಳ್ಳೆಯ ಹೊದಿಕೆ. ಎದೆ ಬೆಚ್ಚಗಿದ್ದರೆ ದೇಹ ಬೆರಳಿಗೆ ರಕ್ತ ಬಿಡಲು ಜಿಪುಣತನ ಮಾಡುವುದಿಲ್ಲ. ಬೆಳಗಿನ ಜಾವ ನೂರಾರು ಪತ್ರಿಕೆಗಳನ್ನು ಹೊತ್ತು ಬರುವ ಹುಡುಗ ನಿನ್ನೆಯ ಒಂದು ಪತ್ರಿಕೆಯನ್ನು ಸ್ವೆಟರಿನೊಳಗೆ ಇಟ್ಟುಕೊಂಡರೆ ಅವನಿಗೂ ಅದೇ ಲಾಭ. ಅವನ ಸೈಕಲ್‌ಗೆ ಒಂದು ಜೊತೆ ಹ್ಯಾಂಡಲ್ ಚೀಲ ಹೊಲಿಸಿ ಕೊಡಲು, ಪತ್ರಿಕೆ ಹಾಕಿಸಿಕೊಳ್ಳುವ ನಾಲ್ಕು ಮನೆಯವರು ಒಂದೊಂದು ಚಹದ ದುಡ್ಡು ಹಾಕಿದರೂ ಸಾಕಾದೀತು.